ಚಿಕ್ಕಜಾಜೂರಿನಿಂದ ಕಾರ್ಡೋಬಾವರೆಗೆ: ಒಂದು ತಿಂಗಳ ರೈಲು ಪ್ರವಾಸವನ್ನು ಯೋಜಿಸುವ ಪಾಠ



ಈ ಸಂಚಿಕೆಯ ಪಾಠಕ್ಕೆ ಒಂದು ಅಟ್ಲಾಸ್, ಒಂದು ಕ್ಯಾಲೆಂಡರ್, ಒಂದು ನೋಟ್‌ಬುಕ್ ಇದ್ದರೆ ಸಾಕು. ವಿಷಯ: ಮೊದಲ ಸಲ ಹೊರಡುವ ಒಬ್ಬರು ಯುರೋಪಿನಲ್ಲಿ 30 ದಿನ ರೈಲಿನಲ್ಲೇ ಸುತ್ತುವ ಯೋಜನೆಯನ್ನು ಹೇಗೆ ಹಾಕಬೇಕು? ಭೂಗೋಳದ ತರಗತಿಯಲ್ಲಿ ದ್ವಿತೀಯ ಪಿಯುಸಿಯವರಿಗೆ ನಾನು ಇದನ್ನು ಒಂದು ಚಟುವಟಿಕೆಯಾಗಿ ಕೊಟ್ಟೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಬರುವವರನ್ನು ನಾಲ್ಕು ತಂಡ ಮಾಡಿದೆ. ನಾನು ಯುರೋಪಿಗೆ ಹೋಗಿಲ್ಲ, ತಂಡಗಳಲ್ಲಿ ಇದ್ದವರೂ ಯಾರೂ ಹೋಗಿರಲಿಲ್ಲ. ಆದರೂ ನಕಾಶೆ, ವೇಳಾಪಟ್ಟಿ, ನಿಯಮ ಇವು ಮೂರೂ ಎಲ್ಲರಿಗೂ ಸಿಗುವಂಥವು. ಅವನ್ನು ಓದಲು ಬಂದರೆ ಯೋಜನೆ ಹಾಕಬಹುದು ಎಂಬುದೇ ಈ ಪಾಠದ ತಿರುಳು.

1. ಮೊದಲು ನಮ್ಮ ಸ್ಟೇಷನ್

ಯುರೋಪಿನ ನಕಾಶೆ ತೆರೆಯುವ ಮೊದಲು ಪ್ರತಿ ತಂಡಕ್ಕೂ ಒಂದು ಪ್ರಶ್ನೆ ಕೇಳಿದೆ: ನಿಮ್ಮ ಮನೆಯಿಂದ ಹತ್ತಿರದ ರೈಲು ಎಲ್ಲಿ ಸಿಗುತ್ತದೆ?

ಹೊಳಲ್ಕೆರೆ ತಂಡಕ್ಕೆ ಉತ್ತರ ಸುಲಭವಾಗಿತ್ತು. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದಿಂದ ಚಿತ್ರದುರ್ಗದ ಕಡೆಗೆ ಕವಲು ಒಡೆಯುವ ಚಿಕ್ಕಜಾಜೂರು ಜಂಕ್ಷನ್ ಅವರ ತಾಲ್ಲೂಕಿನಲ್ಲೇ ಇದೆ. ಹೊಸದುರ್ಗದವರು ‘ಹೊಸದುರ್ಗ ರೋಡ್’ ಎಂದರು. ಆ ‘ರೋಡ್’ ಎಂಬ ಪದವನ್ನು ಗಮನಿಸಿ. ಸ್ಟೇಷನ್ ಹೆಸರಿನ ಕೊನೆಗೆ ‘ರೋಡ್’ ಇದ್ದರೆ ಊರು ಅಲ್ಲಿಲ್ಲ, ಅಲ್ಲಿಂದ ರಸ್ತೆಯಲ್ಲಿ ಹೋಗಬೇಕು ಎಂದು ಅರ್ಥ. ಚಿತ್ರದುರ್ಗದವರಿಗೆ ಊರಲ್ಲೇ ಸ್ಟೇಷನ್ ಇದ್ದರೂ ದೂರದ ಊರಿಗೆ ಹೋಗಬೇಕಾದಾಗ ಬಹಳ ಸಲ ಚಿಕ್ಕಜಾಜೂರಿಗೋ ದಾವಣಗೆರೆಗೋ ಹೋಗಿ ರೈಲು ಹಿಡಿಯಬೇಕು. ಹಿರಿಯೂರಿಗೆ ರೈಲೇ ಇಲ್ಲ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೂಲಕ ದಾವಣಗೆರೆಗೆ ಹೋಗುವ ಹೊಸ ಮಾರ್ಗದ ಕೆಲಸ ಮುಗಿಯುವವರೆಗೆ ಅವರು ಸುಮಾರು 40 ಕಿ.ಮೀ. ಬಸ್ಸಿನಲ್ಲಿ ಬಂದೇ ರೈಲು ನೋಡಬೇಕು.

ಯುರೋಪಿನಲ್ಲೂ ಇವೇ ನಾಲ್ಕು ಬಗೆಯ ಊರುಗಳಿವೆ. ಫ್ರಾನ್ಸಿನ ಅವಿನ್ಯೋನ್ ಪಟ್ಟಣಕ್ಕೆ ಎರಡು ಸ್ಟೇಷನ್: ಒಂದು ಊರೊಳಗೆ, ವೇಗದ ರೈಲಿನದು ಊರಾಚೆ. ಅದು ಅವರ ‘ಹೊಸದುರ್ಗ ರೋಡ್’. ಬೆಂಗಳೂರಿಗೆ ಹೋಗುವಾಗ ಮೆಜೆಸ್ಟಿಕ್ಕೋ ಯಶವಂತಪುರವೋ ಬೈಯಪ್ಪನಹಳ್ಳಿಯೋ ಎಂದು ಟಿಕೆಟ್‌ನಲ್ಲಿ ನೋಡಿಕೊಳ್ಳುತ್ತೇವಲ್ಲ, ಪ್ಯಾರಿಸ್‌ನಲ್ಲೂ ಹಾಗೆಯೇ. ಬ್ರಸೆಲ್ಸ್ ಕಡೆಯ ರೈಲು ಗಾರ್ ದು ನೋರ್ ಸ್ಟೇಷನ್ನಿಗೆ ಬರುತ್ತದೆ, ಬಾರ್ಸಿಲೋನಾ ಕಡೆಯದು ಗಾರ್ ದ ಲಿಯೋನ್‌ನಿಂದ ಹೊರಡುತ್ತದೆ. ಒಂದರಿಂದ ಇನ್ನೊಂದಕ್ಕೆ ನಗರದ ರೈಲಿನಲ್ಲಿ ಹೋಗಬೇಕು. ಆದ್ದರಿಂದ ಮೊದಲ ನಿಯಮ: ನಕಾಶೆಯಲ್ಲಿ ಊರಿನ ಹೆಸರು ಬರೆದರೆ ಸಾಲದು, ಸ್ಟೇಷನ್ನಿನ ಹೆಸರು ಬರೆಯಬೇಕು.

2. ದಿನ ಎಣಿಸಬೇಡಿ, ರಾತ್ರಿ ಎಣಿಸಿ

‘30 ದಿನದಲ್ಲಿ ಯಾವ ಯಾವ ಊರು ನೋಡುತ್ತೀರಿ?’ ಎಂದು ಕೇಳಿದಾಗ ಚಿತ್ರದುರ್ಗ ತಂಡ 20 ಊರುಗಳ ಪಟ್ಟಿ ಕೊಟ್ಟಿತು. ಲಂಡನ್ನಿಂದ ಇಸ್ತಾನ್‌ಬುಲ್‌ವರೆಗೆ ಒಂದೂ ಬಿಟ್ಟಿರಲಿಲ್ಲ. ಅದನ್ನು ಬೋರ್ಡಿನ ಮೇಲೆ ಲೆಕ್ಕ ಹಾಕಿ ನೋಡಿದೆವು.

ಮೊದಲ ದಿನ ತಲುಪಿ 30ನೇ ದಿನ ಹೊರಟರೆ ಕೈಯಲ್ಲಿ ಇರುವುದು 29 ರಾತ್ರಿ. ಒಂದು ಊರಿನಲ್ಲಿ ಎರಡು ರಾತ್ರಿ ಉಳಿದರೆ ನಡುವೆ ಸಿಗುವ ಪೂರ್ಣ ದಿನ ಒಂದೇ. ಬರುವ ದಿನ, ಹೋಗುವ ದಿನ ಎರಡೂ ಸ್ಟೇಷನ್ನು, ಚೀಲ, ರೂಮು ಹುಡುಕುವುದರಲ್ಲಿ ಹೋಗುತ್ತವೆ. ಹಾಗಾಗಿ ಸೂತ್ರ ಇಷ್ಟು:

ಪೂರ್ಣ ದಿನಗಳು = ರಾತ್ರಿಗಳು − ಊರುಗಳು

20 ಊರಾದರೆ 29 − 20 = 9 ಪೂರ್ಣ ದಿನ. ಅಂದರೆ ತಿಂಗಳಲ್ಲಿ 21 ದಿನ ಗಂಟುಮೂಟೆ ಕಟ್ಟುವುದರಲ್ಲೇ ಕಳೆಯುತ್ತದೆ. 14 ಊರಾದರೆ 15 ದಿನ. 8 ಊರಾದರೆ 21 ದಿನ. ಊರು ಕಡಿಮೆ ಮಾಡಿದಷ್ಟೂ ನೋಡುವುದು ಹೆಚ್ಚುತ್ತದೆ.

ಇದು ನಮಗೆ ಹೊಸ ವಿಷಯವಲ್ಲ. ಹಂಪಿಗೆ ಹೋಗುವ ದಾರಿಯಲ್ಲಿ ಬಸ್ಸು ನಿಲ್ಲಿಸಿ, ಎರಡು ಗಂಟೆಯಲ್ಲಿ ನಮ್ಮ ಕೋಟೆ ನೋಡಿ, ಒನಕೆ ಓಬವ್ವನ ಕಿಂಡಿಯ ಮುಂದೆ ಫೋಟೋ ತೆಗೆಸಿಕೊಂಡು ಹೊರಡುವವರನ್ನು ದಿನವೂ ನೋಡುತ್ತೇವೆ. ಏಳು ಸುತ್ತಿನ ಕೋಟೆಯಲ್ಲಿ ಅವರು ಎಷ್ಟು ಸುತ್ತು ನೋಡಿದರು? ನಾವು ಪ್ಯಾರಿಸ್‌ಗೆ ಹೋದಾಗ ಆ ಪ್ರವಾಸಿಯಂತೆ ಆಗಬಾರದು.

3. ನಾವು ಒಪ್ಪಿಕೊಂಡ ದಾರಿ

ಎರಡು ತರಗತಿಯ ವಾದದ ನಂತರ ನಾಲ್ಕೂ ತಂಡ ಸೇರಿ ಒಂದು ದಾರಿ ಮಾಡಿದವು. ಪಿಯುಸಿ ಪರೀಕ್ಷೆ ಮುಗಿದ ಮೇಲಿನ ರಜೆಗೆ ಹೊಂದುವಂತೆ ಏಪ್ರಿಲ್ 15ರಿಂದ ಮೇ 14ರವರೆಗೆ ಎಂದು ದಿನಾಂಕ ಹಾಕಿಕೊಂಡೆವು. ಒಂದು ಊರಿಗೆ ಇಳಿದು, ಬೇರೆ ಊರಿನಿಂದ ವಿಮಾನ ಹತ್ತುವುದು ಎಂದೂ ನಿರ್ಧಾರವಾಯಿತು. ಇಳಿದಲ್ಲಿಗೇ ತಿರುಗಿ ಬರುವುದೆಂದರೆ ಎರಡು ದಿನ ದಂಡ.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಇಳಿದು, ಅದೇ ಕಟ್ಟಡಕ್ಕೆ ಹೊಂದಿಕೊಂಡ ಸ್ಟೇಷನ್ನಿನಿಂದ ಬರ್ಲಿನ್‌ಗೆ: 4 ರಾತ್ರಿ.
ಬರ್ಲಿನ್‌ನಿಂದ ಡ್ರೆಸ್ಡೆನ್ ದಾಟಿ, ಎಲ್ಬೆ ನದಿಯ ದಂಡೆಯಲ್ಲಿ ಪ್ರಾಗ್‌ಗೆ: 3 ರಾತ್ರಿ.
ಪ್ರಾಗ್‌ನಿಂದ ಸುಮಾರು ನಾಲ್ಕು ಗಂಟೆಯಲ್ಲಿ ವಿಯೆನ್ನಾಕ್ಕೆ: 4 ರಾತ್ರಿ.
ವಿಯೆನ್ನಾದಿಂದ ಆಲ್ಪ್ಸ್ ದಾಟಿ ವೆನಿಸ್‌ಗೆ: 3 ರಾತ್ರಿ.
ವೆನಿಸ್‌ನಿಂದ ಮಿಲಾನ್‌ನಲ್ಲಿ ಬದಲಿಸಿ, ಒಂದು ಇಡೀ ಹಗಲಿನ ಪ್ರಯಾಣದಲ್ಲಿ ಪ್ಯಾರಿಸ್‌ಗೆ: 5 ರಾತ್ರಿ.
ಪ್ಯಾರಿಸ್‌ನಿಂದ ಏಳು ಗಂಟೆಯೊಳಗೆ ಬಾರ್ಸಿಲೋನಾಕ್ಕೆ: 3 ರಾತ್ರಿ.
ಬಾರ್ಸಿಲೋನಾದಿಂದ ಕಾರ್ಡೋಬಾಕ್ಕೆ: 5 ರಾತ್ರಿ. ಅಲ್ಲಿಂದ ಒಂದು ದಿನ ಗ್ರನಾಡಾ, ಒಂದು ದಿನ ಸೆವಿಲ್ಲೆಗೆ ಹೋಗಿ ಬರುವುದು.
ಕೊನೆಗೆ ಮ್ಯಾಡ್ರಿಡ್: 2 ರಾತ್ರಿ. ಅಲ್ಲಿಂದ ವಿಮಾನ.

ಒಟ್ಟು 8 ಊರು, 29 ರಾತ್ರಿ, 21 ಪೂರ್ಣ ದಿನ.

ಇದರಲ್ಲಿ ಎರಡು ಜಾಗಗಳ ಬಗ್ಗೆ ಸ್ವಲ್ಪ ಹೇಳಬೇಕು. ವಿಯೆನ್ನಾದಿಂದ ದಕ್ಷಿಣಕ್ಕೆ ಹೋಗುವ ರೈಲು ಸೆಮ್ಮರಿಂಗ್ ಕಣಿವೆ ಮಾರ್ಗವನ್ನು ಹತ್ತುತ್ತದೆ. 1848ರಿಂದ 1854ರವರೆಗೆ ಕಟ್ಟಿದ ಈ ಪರ್ವತ ರೈಲುಮಾರ್ಗದ ಎಂಜಿನಿಯರ್ ಕಾರ್ಲ್ ಫಾನ್ ಘೇಗಾ. ಇಂಥ ಏರನ್ನು ಹತ್ತುವ ಎಂಜಿನ್ ಇನ್ನೂ ಸಿದ್ಧವಾಗಿಲ್ಲದ ಕಾಲದಲ್ಲೇ ದಾರಿಯ ಕೆಲಸ ಶುರುವಾಗಿತ್ತು. 1998ರಲ್ಲಿ ಇದು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆದ್ದರಿಂದ ಈ ಪ್ರಯಾಣವನ್ನು ರಾತ್ರಿ ರೈಲಿನಲ್ಲಿ ಮಾಡದೆ ಹಗಲಿನಲ್ಲೇ ಮಾಡಬೇಕು ಎಂದು ಹೊಸದುರ್ಗದ ತಂಡ ಹಟ ಹಿಡಿಯಿತು.

ಕಾರ್ಡೋಬಾವನ್ನು ಸೂಚಿಸಿದವರು ಉರ್ದು ಭಾಷೆಯ ವಿದ್ಯಾರ್ಥಿಗಳು. ಅಲ್ಲಾಮಾ ಇಕ್ಬಾಲ್ 1933ರಲ್ಲಿ ಅಲ್ಲಿಗೆ ಹೋಗಿ ಬಂದು ಬರೆದ ಕವಿತೆಯ ಹೆಸರು ಅವರಿಗೆ ಗೊತ್ತಿತ್ತು. ಒಂದನೇ ಅಬ್ದುಲ್ ರಹಮಾನ್ 8ನೇ ಶತಮಾನದ ಕೊನೆಯಲ್ಲಿ ಆರಂಭಿಸಿದ ಆ ಮಸೀದಿಯನ್ನು ಅವನ ನಂತರದವರು ಮತ್ತೆ ಮತ್ತೆ ವಿಸ್ತರಿಸಿದರು. ಕೆಂಪು–ಬಿಳಿ ಪಟ್ಟಿಯ ಜೋಡಿ ಕಮಾನುಗಳು ಸಾಲು ಸಾಲಾಗಿ ನಿಂತಿರುವ ಒಳಾಂಗಣ ಅದರ ಗುರುತು. 1236ರಲ್ಲಿ ನಗರ ಕ್ಯಾಸ್ಟೀಲಿನ ದೊರೆಯ ವಶವಾದ ಮೇಲೆ ಅದು ಚರ್ಚ್ ಆಯಿತು, ಇಂದಿಗೂ ಕೆಥೆಡ್ರಲ್ ಆಗಿದೆ. ಒಳಗೆ ನಮಾಜ್‌ಗೆ ಅವಕಾಶವಿಲ್ಲ. ಇದನ್ನು ಮೊದಲೇ ತಿಳಿದು ಹೋಗುವುದು ಒಳ್ಳೆಯದು. ತತ್ತ್ವಶಾಸ್ತ್ರಜ್ಞ ಇಬ್ನ್ ರುಷ್ದ್ 1126ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ವಿಜ್ಞಾನ ವಿಭಾಗದವರು ಶಸ್ತ್ರಚಿಕಿತ್ಸಕ ಅಲ್ ಝಹ್ರಾವಿಯ ಹೆಸರನ್ನೂ ಸೇರಿಸಿಕೊಳ್ಳಿ, ಅವರು ಕಾರ್ಡೋಬಾ ಪಕ್ಕದ ಮದೀನತುಲ್ ಝಹ್ರಾದವರು. ಗ್ರನಾಡಾದ ಅಲ್‌ಹಂಬ್ರಾ ಅರಮನೆಗೆ ಮಾತ್ರ ಹೋದಕೂಡಲೇ ಪ್ರವೇಶ ಸಿಗುವುದಿಲ್ಲ. ನಸ್ರಿದ್ ಅರಮನೆಗಳ ಟಿಕೆಟ್ಟಿನಲ್ಲಿ ಒಳಗೆ ಹೋಗುವ ಸಮಯ ಮುದ್ರಿತವಾಗಿರುತ್ತದೆ, ಅದನ್ನು ಬಹಳ ಮುಂಚೆ ಕಾಯ್ದಿರಿಸಬೇಕು.

4. ಪಾಸು ಬೇರೆ, ಸೀಟು ಬೇರೆ

ಯುರೋಪಿನ 33 ದೇಶಗಳ ರೈಲುಗಳಲ್ಲಿ ನಡೆಯುವ ಪಾಸು ಇದೆ. ಯುರೋಪಿನ ನಿವಾಸಿಗಳಿಗೆ ಕೊಡುವುದು ಇಂಟರ್‌ರೇಲ್, 1972ರಿಂದ ಇದೆ. ಹೊರಗಿನವರಿಗೆ ಯುರೇಲ್, 1959ರಿಂದ. ನಮಗೆ ಬೇಕಾದದ್ದು ಯುರೇಲ್. 12ರಿಂದ 27 ವರ್ಷದವರಿಗೆ ದರದಲ್ಲಿ ರಿಯಾಯಿತಿ ಇದೆ.

ಪಾಸಿನಲ್ಲಿ ಎರಡು ಬಗೆ. ಒಂದರಲ್ಲಿ ಪ್ರತಿದಿನವೂ ಎಷ್ಟು ಬೇಕಾದರೂ ಪ್ರಯಾಣಿಸಬಹುದು: 15 ದಿನ, 22 ದಿನ, ಒಂದು ತಿಂಗಳು ಹೀಗೆ. ಇನ್ನೊಂದರಲ್ಲಿ ಇಷ್ಟು ‘ಪ್ರಯಾಣದ ದಿನ’ ಎಂದು ಕೊಂಡುಕೊಳ್ಳುತ್ತೇವೆ: ಒಂದು ತಿಂಗಳೊಳಗೆ 4, 5 ಅಥವಾ 7 ದಿನ, ಎರಡು ತಿಂಗಳೊಳಗೆ 10 ಅಥವಾ 15 ದಿನ. ನಮ್ಮ ದಾರಿಯಲ್ಲಿ ಊರಿಂದೂರಿಗೆ 8 ಪ್ರಯಾಣ, ಗ್ರನಾಡಾ–ಸೆವಿಲ್ಲೆಗೆ ಹೋಗಿ ಬರುವ 2 ದಿನ, ಒಟ್ಟು 10. ತಿಂಗಳ ಪೂರ್ತಿ ಪಾಸು ಕೊಳ್ಳುವ ಅಗತ್ಯವೇ ಇಲ್ಲ. ಕಾರ್ಡೋಬಾದಿಂದ ಸೆವಿಲ್ಲೆ ಮುಕ್ಕಾಲು ಗಂಟೆಯ ದಾರಿ. ಇಂಥ ಚಿಕ್ಕ ಪ್ರಯಾಣಕ್ಕೆ ಬಿಡಿ ಟಿಕೆಟ್ ಅಗ್ಗವೋ ಪಾಸಿನ ಒಂದು ದಿನ ಅಗ್ಗವೋ ಎಂದು ಭಾಗಾಕಾರ ಮಾಡಿ ನೋಡಬೇಕು: ಪಾಸಿನ ಬೆಲೆಯನ್ನು ದಿನಗಳಿಂದ ಭಾಗಿಸಿದರೆ ಒಂದು ದಿನದ ಬೆಲೆ ಸಿಗುತ್ತದೆ.

ಹೊಸಬರು ಎಡವುವ ಜಾಗ ಮುಂದೆ ಇದೆ. ಪಾಸು ಎಂದರೆ ರೈಲು ಹತ್ತುವ ಹಕ್ಕು, ಸೀಟು ಅಲ್ಲ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಹೆಚ್ಚಿನ ರೈಲುಗಳಿಗೆ ರಿಸರ್ವೇಷನ್ ಬೇಕಿಲ್ಲ. ಖಾಲಿ ಸೀಟು ಕಂಡಲ್ಲಿ ಕೂರಬಹುದು, ಯಾರಾದರೂ ಕಾಯ್ದಿರಿಸಿದ್ದರೆ ಸೀಟಿನ ಮೇಲಿನ ಫಲಕ ಹೇಳುತ್ತದೆ. ಆದರೆ ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೋಸ್ಸಾ, ಸ್ಪೇನಿನ ಎವಿಇ ರೈಲುಗಳಿಗೆ ಪಾಸಿದ್ದರೂ ಬೇರೆ ದುಡ್ಡು ಕೊಟ್ಟು ಸೀಟು ಕಾಯ್ದಿರಿಸಲೇಬೇಕು. ಹೀಗಾಗಿ ನಮ್ಮ ದಾರಿಯ ಮೊದಲರ್ಧ ಸಡಿಲ, ವೆನಿಸ್ ದಾಟಿದ ಮೇಲಿನ ಅರ್ಧ ಬಿಗಿ. ಮಿಲಾನ್–ಪ್ಯಾರಿಸ್, ಪ್ಯಾರಿಸ್–ಬಾರ್ಸಿಲೋನಾ ಸೀಟುಗಳನ್ನು ದಿನಾಂಕ ಗೊತ್ತಾದ ಕೂಡಲೇ ಹಿಡಿಯಬೇಕು.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಭಾರತೀಯ ರೈಲ್ವೆಯ ಸರ್ಕ್ಯುಲರ್ ಜರ್ನಿ ಟಿಕೆಟ್. ಹೊರಟ ಸ್ಟೇಷನ್ನಿಗೇ ಮರಳಿ ಬರುವ ಸುತ್ತು ಪ್ರಯಾಣಕ್ಕೆ ಒಂದೇ ಟಿಕೆಟ್, ನಡುವೆ ಹೆಚ್ಚೆಂದರೆ ಎಂಟು ಕಡೆ ಇಳಿದು ತಂಗಬಹುದು. ದೂರ ಹೆಚ್ಚಿದಷ್ಟೂ ಕಿಲೋಮೀಟರಿನ ದರ ಇಳಿಯುವುದರಿಂದ ಬಿಡಿ ಟಿಕೆಟ್‌ಗಿಂತ ಅಗ್ಗ. ಇಲ್ಲೂ ಟಿಕೆಟ್ ಬೇರೆ, ಪ್ರತಿ ರೈಲಿನ ಸೀಟು ಬೇರೆ. ನಮ್ಮ ಮೀಸಲಾತಿ 2024ರ ನವೆಂಬರ್‌ನಿಂದ 60 ದಿನ ಮೊದಲು ತೆರೆಯುತ್ತದೆ.

5. ರೈಲು ತಪ್ಪಿದರೆ ಏನು?

ಚಿಕ್ಕಜಾಜೂರಿನಲ್ಲಿ ರೈಲು ಬದಲಿಸಿದವರಿಗೆ ಗೊತ್ತು: ನಮ್ಮ ಗಾಡಿ ತಡವಾಗಿ ಬಂದು ಮುಂದಿನದು ಹೊರಟುಹೋದರೆ ಗಂಟೆಗಟ್ಟಲೆ ಬೆಂಚಿನ ಮೇಲೆ ಕೂರಬೇಕು. ಬೆಂಗಳೂರು–ಧಾರವಾಡ ವಂದೇ ಭಾರತ್ 2023ರ ಜೂನ್ 27ರಿಂದ ಅದೇ ಹಳಿಯ ಮೇಲೆ ಓಡುತ್ತಿದೆ. ಆದರೆ ಅದಕ್ಕೆ ದಾವಣಗೆರೆಯಲ್ಲಿ ನಿಲುಗಡೆ, ಚಿಕ್ಕಜಾಜೂರಿನಲ್ಲಿಲ್ಲ. ವೇಗದ ರೈಲು ಇದೆ ಎಂದ ಮಾತ್ರಕ್ಕೆ ಅದು ನಮ್ಮ ರೈಲಾಗುವುದಿಲ್ಲ. ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು.

ಆದ್ದರಿಂದ ಬದಲಿ ರೈಲಿನ ವಿಷಯದಲ್ಲಿ ‘ನಡುವೆ ಎಷ್ಟು ನಿಮಿಷ ಇದೆ?’ ಎಂಬುದು ಎರಡನೇ ಪ್ರಶ್ನೆ. ಮೊದಲನೆಯದು ‘ಇದು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ?’ ಜರ್ಮನಿಯಲ್ಲಿ ದೊಡ್ಡ ಊರುಗಳ ನಡುವೆ ಗಂಟೆಗೋ ಎರಡು ಗಂಟೆಗೋ ಒಂದು ರೈಲು, ಪ್ರತಿ ಸಲವೂ ಅದೇ ನಿಮಿಷಕ್ಕೆ. ಅಲ್ಲಿ ಒಂದು ತಪ್ಪಿದರೂ ದಿನ ಕೆಡುವುದಿಲ್ಲ. ಪ್ಯಾರಿಸ್–ಬಾರ್ಸಿಲೋನಾ ನಡುವೆ ನೇರ ರೈಲುಗಳು ದಿನಕ್ಕೆ ಕೆಲವೇ. ಅಲ್ಲಿ ತಪ್ಪಿದರೆ ಸೀಟೂ ಹೋಯಿತು, ದಿನವೂ ಹೋಯಿತು.

ಜರ್ಮನಿಯ ರೈಲು ಗಡಿಯಾರದಷ್ಟು ಸರಿ ಎಂಬ ಮಾತನ್ನೂ ಪರೀಕ್ಷಿಸಿ. 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ಸಮಯಕ್ಕೆ ಸರಿಯಾಗಿ, ಅಂದರೆ ಆರು ನಿಮಿಷದೊಳಗಿನ ತಡದಲ್ಲಿ, ತಲುಪಿದವು ಶೇ. 62.5 ಮಾತ್ರ. ವಿಮಾನ ಹತ್ತುವ ಊರನ್ನು ಒಂದು ದಿನ ಮೊದಲೇ ತಲುಪಿರಬೇಕು ಎಂಬ ನಿಯಮ ಇದಕ್ಕೇ. ನಾವು ಕೊನೆಗೆ ಮ್ಯಾಡ್ರಿಡ್‌ನಲ್ಲಿ ಎರಡು ರಾತ್ರಿ ಇಟ್ಟದ್ದೂ ಇದಕ್ಕೇ.

6. ಪಾಸ್‌ಪೋರ್ಟ್ ಮತ್ತು ವೀಸಾ

ಮೊದಲು ಹೆಸರು. ನಿಮ್ಮಲ್ಲಿ ಅನೇಕರ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತದಲ್ಲಿದೆ. ಮೊಹಮ್ಮದ್, ಮಹಮ್ಮದ್, ಬರೀ ‘ಎಂ.ಡಿ.’ ಎಲ್ಲವೂ ಒಬ್ಬನೇ ಹುಡುಗ. ಹೆಣ್ಣುಮಕ್ಕಳಿಗೆ ಒಂದು ಕಡೆ ಬಾನು, ಇನ್ನೊಂದು ಕಡೆ ಬೇಗಂ, ಮತ್ತೊಂದು ಕಡೆ ಏನೂ ಇಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಹೆಸರನ್ನು ಬಿಡಿಸಿ ಬರೆಯಬೇಕು. ಎಲ್ಲೂ ಹೋಗದಿದ್ದರೂ ಈ ದಾಖಲೆಗಳನ್ನು ಈಗಲೇ ಒಂದೇ ರೀತಿ ಮಾಡಿಕೊಳ್ಳಿ. ಮುಂದೆ ಸ್ಕಾಲರ್‌ಶಿಪ್, ಸಿಇಟಿ, ಕೆಲಸ ಎಲ್ಲಕ್ಕೂ ಬೇಕಾಗುತ್ತದೆ. ವಯಸ್ಕರಿಗೆ 36 ಪುಟದ ಸಾಮಾನ್ಯ ಪಾಸ್‌ಪೋರ್ಟಿನ ಶುಲ್ಕ 1500 ರೂಪಾಯಿ.

ನಮ್ಮ ದಾರಿಯ ಆರೂ ದೇಶಗಳು ಷೆಂಗೆನ್ ಒಪ್ಪಂದದಲ್ಲಿವೆ. 1985ರಲ್ಲಿ ಐದು ದೇಶಗಳಿಂದ ಆರಂಭವಾದ ಈ ಒಪ್ಪಂದದಲ್ಲಿ ಈಗ 29 ದೇಶಗಳಿವೆ, ಒಂದೇ ವೀಸಾ ಸಾಕು. ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಆದರೆ ಅರ್ಜಿ ಯಾವ ದೇಶಕ್ಕೆ ಹಾಕಬೇಕು? ತರಗತಿಯಲ್ಲಿ ಬಹುತೇಕರು ‘ಮೊದಲು ಇಳಿಯುವುದು ಜರ್ಮನಿ, ಆದ್ದರಿಂದ ಜರ್ಮನಿಗೆ’ ಎಂದರು. ನಿಯಮ ಹಾಗಿಲ್ಲ. ಎಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ. ಸಮ ಬಂದರೆ ಮಾತ್ರ ಮೊದಲು ಪ್ರವೇಶಿಸುವ ದೇಶಕ್ಕೆ. ರಾತ್ರಿಗಳನ್ನು ಎಣಿಸೋಣ: ಜರ್ಮನಿ 4, ಚೆಕ್ 3, ಆಸ್ಟ್ರಿಯಾ 4, ಇಟಲಿ 3, ಫ್ರಾನ್ಸ್ 5, ಸ್ಪೇನ್ 10. ಹಾಗಾದರೆ ಅರ್ಜಿ ಸ್ಪೇನಿಗೆ.

ಅರ್ಜಿಯನ್ನು ಹೊರಡುವ ಆರು ತಿಂಗಳಿಗಿಂತ ಮೊದಲು ಹಾಕುವಂತಿಲ್ಲ, 15 ದಿನಕ್ಕಿಂತ ತಡ ಮಾಡುವಂತಿಲ್ಲ. ವಯಸ್ಕರ ಶುಲ್ಕ 90 ಯೂರೋ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಇರಬೇಕು. ಪಾಸ್‌ಪೋರ್ಟು ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಜೊತೆಗೆ ತಂಗುವ ಜಾಗದ ಬುಕಿಂಗ್, ಖರ್ಚು ಭರಿಸುವವರ ಬ್ಯಾಂಕ್ ವಿವರ, ವಿದ್ಯಾರ್ಥಿಯಾದರೆ ಕಾಲೇಜಿನ ಪತ್ರ. 18 ತುಂಬದವರಿಗೆ ತಂದೆ–ತಾಯಿಯ ಒಪ್ಪಿಗೆ ಪತ್ರವೂ ಬೇಕು.

ಕೆಲಸಗಳ ಕ್ರಮವನ್ನು ನೆನಪಿಡಿ: ಪಾಸ್‌ಪೋರ್ಟ್, ದಿನಾಂಕ, ದಾರಿ, ರದ್ದು ಮಾಡಿದರೆ ಹಣ ವಾಪಸು ಬರುವ ವಸತಿ ಬುಕಿಂಗ್, ವಿಮೆ, ವೀಸಾ. ಹಣ ವಾಪಸು ಬಾರದ ಯಾವುದನ್ನೂ ವೀಸಾ ಕೈಗೆ ಬರುವ ಮೊದಲು ಕೊಳ್ಳಬೇಡಿ.

7. ಗಡಿಯಾರ, ಸೂರ್ಯ, ನಮಾಜ್

ಮಧ್ಯ ಯುರೋಪಿನ ಸಮಯ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಮ್ಯಾಡ್ರಿಡ್‌ನಲ್ಲಿ ರಾತ್ರಿ 9ಕ್ಕೆ ಮನೆಗೆ ಫೋನ್ ಮಾಡಿದರೆ ಇಲ್ಲಿ ಅಮ್ಮಿಗೆ ಮಧ್ಯರಾತ್ರಿ ಹನ್ನೆರಡೂವರೆ.

ಬರ್ಲಿನ್‌ನಲ್ಲೂ ಮ್ಯಾಡ್ರಿಡ್‌ನಲ್ಲೂ ಒಂದೇ ಗಡಿಯಾರ. ಆ ಗಡಿಯಾರದ ರೇಖಾಂಶ 15 ಡಿಗ್ರಿ ಪೂರ್ವ. ಮ್ಯಾಡ್ರಿಡ್ ಇರುವುದು ಸುಮಾರು 3.7 ಡಿಗ್ರಿ ಪಶ್ಚಿಮದಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ 75 ನಿಮಿಷ, ಬೇಸಿಗೆಯಲ್ಲಿ ಗಡಿಯಾರ ಮುಂದಿಟ್ಟ ಒಂದು ಗಂಟೆ ಸೇರಿದರೆ 135 ನಿಮಿಷ. ಅದಕ್ಕೇ ಮೇ ಮಧ್ಯದಲ್ಲಿ ಅಲ್ಲಿ ಮಗ್ರಿಬ್ ರಾತ್ರಿ 9 ದಾಟಿದ ಮೇಲೆ.

ಜೂನ್ 21ರಂದು ಚಿತ್ರದುರ್ಗದಲ್ಲಿ ಹಗಲು ಸುಮಾರು 13 ಗಂಟೆ, ಬರ್ಲಿನ್‌ನಲ್ಲಿ ಹದಿನಾರೂಮುಕ್ಕಾಲು ಗಂಟೆಗೂ ಹೆಚ್ಚು. ಇನ್ನೂ ಒಂದು ಲೆಕ್ಕ ನೋಡಿ. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿದರೆ ಸಂಜೆಯ ಬೆಳಕು ಪೂರ್ತಿ ಆರುತ್ತದೆ. 90ರಿಂದ 23.5 ಮತ್ತು 18 ಕಳೆದರೆ 48.5. ಅಂದರೆ 48.5 ಡಿಗ್ರಿ ಅಕ್ಷಾಂಶದಿಂದ ಉತ್ತರಕ್ಕೆ ಜೂನ್ ಕೊನೆಯ ಸುಮಾರಿಗೆ ರಾತ್ರಿಯಿಡೀ ಆ ಬೆಳಕು ಆರುವುದೇ ಇಲ್ಲ. ಪ್ಯಾರಿಸ್ (48.9), ಪ್ರಾಗ್ (50.1), ಬರ್ಲಿನ್ (52.5) ಮೂರೂ ಆ ಗೆರೆಯ ಮೇಲಿವೆ. ಅಲ್ಲಿ ಇಶಾ ಸಮಯವನ್ನು ಲೆಕ್ಕಹಾಕುವುದು ಉಲಮಾಗಳ ನಡುವೆ ಚರ್ಚೆಯಾಗುವುದು ಇದೇ ಕಾರಣಕ್ಕೆ. ಸ್ಥಳೀಯ ಮಸೀದಿಯ ವೇಳಾಪಟ್ಟಿ ಅನುಸರಿಸುವುದು ಸುಲಭ. ನಾವು ಏಪ್ರಿಲ್ ಆರಿಸಿಕೊಂಡದ್ದರಿಂದ ಈ ತೊಡಕು ಅಷ್ಟಾಗಿ ಇಲ್ಲ.

ಮುಸಾಫಿರನಿಗೆ ನಾಲ್ಕು ರಕಅತ್‌ನ ಫರ್ಜ್ ನಮಾಜ್ ಎರಡಾಗುತ್ತದೆ ಎಂದು ನಿಮಗೆ ಗೊತ್ತು. ಹನಫಿ ಮತದಲ್ಲಿ ಒಂದೇ ಊರಿನಲ್ಲಿ 15 ದಿನ ತಂಗುವ ನಿಯ್ಯತ್ ಇಲ್ಲದವರು ಮುಸಾಫಿರರೇ. ನಮ್ಮ ದಾರಿಯಲ್ಲಿ ಎಲ್ಲೂ ಐದು ರಾತ್ರಿ ದಾಟಿಲ್ಲ. ಶಾಫಿ ಮತದಲ್ಲಿ ಲೆಕ್ಕ ಬೇರೆ, ನಿಮ್ಮ ಮನೆಯ ಪದ್ಧತಿಯ ಆಲಿಮರನ್ನು ಕೇಳಿಕೊಳ್ಳಿ. ಕಿಬ್ಲಾ ಮಾತ್ರ ಅಭ್ಯಾಸ ತಪ್ಪಿಸುತ್ತದೆ: ಇಲ್ಲಿ ಪಶ್ಚಿಮಕ್ಕೆ ನಿಲ್ಲುವವರು ಅಲ್ಲಿ ಆಗ್ನೇಯದ ಕಡೆ ತಿರುಗಬೇಕು.

8. ಊಟ, ವಸತಿ, ಖರ್ಚು

ಬರ್ಲಿನ್, ವಿಯೆನ್ನಾ, ಪ್ಯಾರಿಸ್‌ಗಳಲ್ಲಿ ತುರ್ಕಿ, ಅರಬ್ ಹೋಟೆಲುಗಳು ಹೇರಳ. ಬೇರೆಡೆ ಕೆಲವು ಪದ ಗೊತ್ತಿರಲಿ. ಹಂದಿಮಾಂಸಕ್ಕೆ ಜರ್ಮನ್‌ನಲ್ಲಿ ‘ಶ್ವೈನ್’, ಇಟಾಲಿಯನ್‌ನಲ್ಲಿ ‘ಮಯಾಲೆ’, ಸ್ಪ್ಯಾನಿಷ್‌ನಲ್ಲಿ ‘ಸೆರ್ದೊ’. ‘ಹಾಮೋನ್’ ಎಂದರೆ ಸ್ಪೇನಿನಲ್ಲಿ ಅದರ ಒಣಗಿಸಿದ ತೊಡೆ. ಸಸ್ಯಾಹಾರಿ ಗೆಳೆಯರಿಗೂ ಈ ಪಟ್ಟಿ ಉಪಯೋಗ. ಅಡುಗೆಮನೆ ಇರುವ ಹಾಸ್ಟೆಲ್ ಹಿಡಿದರೆ ಅರ್ಧ ಚಿಂತೆ ಕಳೆಯಿತು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಭಾನುವಾರ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಶನಿವಾರವೇ ಅಕ್ಕಿ–ಬೇಳೆ ತಂದಿಟ್ಟುಕೊಳ್ಳಬೇಕು. ಮೇ 1ಕ್ಕೂ ಹಾಗೆಯೇ.

ಖರ್ಚನ್ನು ಯೂರೋದಲ್ಲೇ ಬರೆಯಿರಿ, ಕೊನೆಗೆ ಅಂದಿನ ದರದಿಂದ ಗುಣಿಸಿ. ಸಾಲುಗಳು: ವಿಮಾನ, ಪಾಸು, ಸೀಟು ಶುಲ್ಕ, 29 ರಾತ್ರಿಯ ವಸತಿ, 30 ದಿನದ ಊಟ, ಊರೊಳಗಿನ ಬಸ್ಸು–ಮೆಟ್ರೋ, ಪ್ರವೇಶ ಟಿಕೆಟ್, ವೀಸಾ, ವಿಮೆ, ಕೊನೆಗೆ ಒಟ್ಟಿನ ಹತ್ತನೇ ಒಂದು ಭಾಗ ಆಪತ್ತಿಗೆ. ಯಾವ ತಂಡ ಲೆಕ್ಕ ಹಾಕಿದರೂ ಮೊತ್ತ ಲಕ್ಷಗಳಲ್ಲಿ ಬಂತು. ತರಗತಿ ಒಂದು ಕ್ಷಣ ಸುಮ್ಮನಾಯಿತು.

9. ಹಾಗಾದರೆ ಈ ಪಾಠ ಏಕೆ?

ನಮ್ಮ ಹೆಚ್ಚಿನ ಮನೆಗಳಿಗೆ ಇಂದು ಇದು ಆಗದ ಖರ್ಚು, ನಿಜ. ಆದರೆ ನಾನು ಈ ಚಟುವಟಿಕೆ ಆರಂಭಿಸಿದ್ದು ಯುರೋಪಿಗಾಗಿ ಅಲ್ಲ. ಎರಡು ವರ್ಷದ ಹಿಂದೆ ಹಿರಿಯೂರು ಕಡೆಯ ಒಬ್ಬ ವಿದ್ಯಾರ್ಥಿನಿಗೆ ಒಂದು ಪ್ರವೇಶ ಪರೀಕ್ಷೆಯ ಕೇಂದ್ರ ಹುಬ್ಬಳ್ಳಿಯಲ್ಲಿ ಬಂತು. ಚೆನ್ನಾಗಿ ಓದಿದ್ದಳು. ಆದರೆ ಮನೆಯಲ್ಲಿ ಯಾರೂ ಹುಬ್ಬಳ್ಳಿ ನೋಡಿದವರಿರಲಿಲ್ಲ. ‘ಅಷ್ಟು ದೂರ ಹೇಗೆ ಹೋಗ್ತೀಯ, ರಾತ್ರಿ ಎಲ್ಲಿ ಇರ್ತೀಯ’ ಎಂದು ಅಬ್ಬಾ ಕೇಳಿದ ಪ್ರಶ್ನೆಗಳಿಗೆ ಅವಳಲ್ಲಿ ಉತ್ತರವಿರಲಿಲ್ಲ. ಪರೀಕ್ಷೆ ಬರೆಯಲಿಲ್ಲ. ಆಮೇಲೆ ನನಗೆ ಹೇಳಿದ್ದು ಇಷ್ಟೇ: ‘ಅಬ್ಬಾ ಬೇಡ ಅನ್ನಲಿಲ್ಲ. ಹೇಗೆ ಅಂತ ಕೇಳಿದ್ರು. ನಂಗೆ ಹೇಳೋಕೆ ಬರಲಿಲ್ಲ.’

ಆ ತಂದೆಯ ಪ್ರಶ್ನೆ ಸರಿಯಾದದ್ದೇ. ‘ಹೇಗೆ’ ಎಂಬುದಕ್ಕೆ ಒಂದು ಹಾಳೆಯ ಉತ್ತರ ಇದ್ದಿದ್ದರೆ ಸಾಕಿತ್ತು: ಎಷ್ಟು ಗಂಟೆಯ ಬಸ್ಸು, ಎಲ್ಲಿ ಇಳಿಯುವುದು, ರಾತ್ರಿ ಯಾರ ಮನೆ, ಬಸ್ಸು ತಪ್ಪಿದರೆ ಮುಂದಿನದು ಯಾವಾಗ, ಯಾವ ಹೊತ್ತಿಗೆ ಫೋನ್ ಮಾಡುವುದು. ಬರ್ಲಿನ್‌ನಿಂದ ಪ್ರಾಗ್‌ಗೆ ಹೋಗುವ ಯೋಜನೆಯಲ್ಲೂ ಇರುವುದು ಇವೇ ಐದು ಸಾಲು.

ಅದಕ್ಕೇ ಯುರೋಪಿನ ಕೆಲಸ ಮುಗಿದ ಮೇಲೆ ಪ್ರತಿ ತಂಡಕ್ಕೂ ಒಂದು ಕೊನೆಯ ಪ್ರಶ್ನೆ ಕೊಟ್ಟೆ: ಬೆಳಿಗ್ಗೆ 9ಕ್ಕೆ ಹುಬ್ಬಳ್ಳಿಯಲ್ಲಿ ಪರೀಕ್ಷೆ, ನಿಮ್ಮ ಊರಿಂದ ಯೋಜನೆ ಹಾಕಿ. ಹೊಳಲ್ಕೆರೆ ತಂಡ ಚಿಕ್ಕಜಾಜೂರಿನಿಂದ ರೈಲು ಹಿಡಿಯಿತು. ಹಿರಿಯೂರಿನವರು ರೈಲನ್ನೇ ಬಿಟ್ಟರು. ರಾಷ್ಟ್ರೀಯ ಹೆದ್ದಾರಿ 48 ಅವರ ಊರಿಂದ ಚಿತ್ರದುರ್ಗ, ದಾವಣಗೆರೆ, ಹಾವೇರಿ ಮೂಲಕ ನೇರ ಹುಬ್ಬಳ್ಳಿಗೆ ಹೋಗುವಾಗ ಎರಡು ಕಡೆ ಬದಲಿಸುವ ರೈಲು ಏಕೆ ಎಂದು ಬರೆದರು, ಹಿಂದಿನ ಮಧ್ಯಾಹ್ನದ ಬಸ್ಸು ಆರಿಸಿದರು. ರೈಲು ಪ್ರವಾಸದ ಪಾಠದಲ್ಲಿ ಬಸ್ಸನ್ನು ಆರಿಸಿದ ಆ ಹಾಳೆಗೆ ನಾನು ಪೂರ್ತಿ ಅಂಕ ಕೊಟ್ಟೆ.

10. ಅಭ್ಯಾಸ

ಅ) ಮೂರು ದಿನ, ಎರಡು ರಾತ್ರಿಯ ಒಂದು ಪ್ರವಾಸವನ್ನು ವಿಜಯಪುರಕ್ಕೆ ಯೋಜಿಸಿ. ಚಿಕ್ಕಜಾಜೂರು, ಹುಬ್ಬಳ್ಳಿ, ಗದಗ ಮಾರ್ಗವನ್ನು ನಕಾಶೆಯಲ್ಲಿ ಗುರುತಿಸಿ. ಪ್ರತಿ ಬದಲಿ ಸ್ಟೇಷನ್ನಿನಲ್ಲಿ ‘ತಪ್ಪಿದರೆ ಮುಂದಿನದು ಎಷ್ಟಕ್ಕೆ’ ಎಂದು ಬರೆಯಿರಿ.

ಆ) ನಮ್ಮ ಯುರೋಪ್ ದಾರಿಯಲ್ಲಿ ಪ್ಯಾರಿಸ್‌ಗೆ 8 ರಾತ್ರಿ, ಕಾರ್ಡೋಬಾಕ್ಕೆ 2 ರಾತ್ರಿ ಇಟ್ಟರೆ ವೀಸಾ ಅರ್ಜಿ ಯಾವ ದೇಶಕ್ಕೆ? ಕಾರಣ ಕೊಡಿ.

ಇ) ಭಾರತದ ಗಡಿಯಾರದ ರೇಖಾಂಶ 82.5 ಡಿಗ್ರಿ ಪೂರ್ವ, ಚಿತ್ರದುರ್ಗ ಸುಮಾರು 76.4 ಡಿಗ್ರಿ. ನಮ್ಮ ಸೂರ್ಯ ಗಡಿಯಾರಕ್ಕಿಂತ ಎಷ್ಟು ನಿಮಿಷ ತಡ?

ಈ) ನಿಮ್ಮ ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್‌ಗಳಲ್ಲಿ ಹೆಸರು ಒಂದೇ ರೀತಿ ಇದೆಯೇ? ಇಲ್ಲದಿದ್ದರೆ ವ್ಯತ್ಯಾಸ ಬರೆದು ಕಾಲೇಜು ಕಚೇರಿಯಲ್ಲಿ ಕೇಳಿ.

ಉ) ಮುಂದೆ ನೀವು ಬರೆಯಬೇಕಿರುವ ಯಾವುದಾದರೂ ಒಂದು ಪರೀಕ್ಷೆಗೆ ಐದು ಸಾಲಿನ ಪ್ರಯಾಣದ ಹಾಳೆ ಮಾಡಿ, ಮನೆಯಲ್ಲಿ ಅಬ್ಬಾ–ಅಮ್ಮಿಗೆ ಅಥವಾ ಅಪ್ಪ–ಅಮ್ಮನಿಗೆ ಓದಿ ಹೇಳಿ. ಅವರು ಕೇಳಿದ ಹೊಸ ಪ್ರಶ್ನೆಗಳನ್ನು ಅದೇ ಹಾಳೆಯ ಹಿಂಬದಿಯಲ್ಲಿ ಬರೆದು ತನ್ನಿ. ಉತ್ತರ ಹುಡುಕುವುದನ್ನು ತರಗತಿಯಲ್ಲಿ ಒಟ್ಟಿಗೆ ಮಾಡೋಣ.